ಜಡೆಯ ಬಿಟ್ಟುಹೋದ ಮೂರು ಮಾತು

“ಕೇಳಿರಿ, ಕೇಳಿರಿ! ಕಾಡಿನ ನತ್ತಿಂಗ ಹಕ್ಕಿಯನ್ನು ತೋರಿಸುತ್ತೇನೆಂದು ಮಲ್ಲಿದೇವ ಅರಸರನ್ನು ಕರೆದೊಯ್ದು, ತೋರಿಸಲಾರದೆ ಹೋದ ಜಡೆಯನ ತಲೆ ತೆಗೆಯಲಾಗಿದೆ. ಸಾಯುವ ಮುಂಚೆ ಅವನು ಮೂರು ಒಗಟು ಹೇಳಿದ. ಬಿಡಿಸಿ, ಉತ್ತರವನ್ನು ಕಣ್ಣೆದುರು ತೋರಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ಜಡೆಯನ ಗತಿ!”

ಡಂಗುರದ ಸದ್ದು ಪೊರಕೆಹುಲ್ಲು ಕೊಯ್ಯುವವರ ಹಟ್ಟಿಗೂ ಬಂತು. ಜಡೆಯನ ತಂಗಿ ಕೇತಿ ಹಲ್ಲು ಕಚ್ಚಿ ಕೇಳಿದಳು. ಅಣ್ಣ ತರಗೆಲೆ ಬಣ್ಣದ ಆ ಹಕ್ಕಿಯನ್ನು ಬೆರಳು ಮಾಡಿ ತೋರಿಸಿದ್ದ. ಅರಸನಿಗೆ ಕಂಡದ್ದು ಒಣಗಿದ ಎಲೆ. “ಚಪ್ಪಾಳೆ ತಟ್ಟಿ ಹಾರಿಸು” ಎಂದರೆ ಅಣ್ಣ ಒಪ್ಪಲಿಲ್ಲ. ಕಾವಿಗೆ ಕೂತ ಹಕ್ಕಿಯನ್ನು ಎಬ್ಬಿಸುವ ಪದ್ಧತಿ ಹುಲ್ಲು ಕೊಯ್ಯುವವರಲ್ಲಿ ಇಲ್ಲ. ಅಷ್ಟಕ್ಕೇ ತಲೆ ಹೋಯಿತು.

“ಹೋಗಬೇಡ ಮಗಾ. ಒಬ್ಬನನ್ನು ಕಳಕೊಂಡದ್ದು ಸಾಲದಾ?” ಎಂದಳು ತಾಯಿ.

“ಅವನು ಸುಳ್ಳನಾಗೇ ಮಣ್ಣಾಗಬೇಕಾ, ಅವ್ವಾ? ಹಕ್ಕಿ ಇದೆ ಅಂತ ಆ ಅರಸನೇ ಬಾಯಿಬಿಡಬೇಕು. ಆಮೇಲೆ ಅದೇ ಕತ್ತಿ ಅವನ ಕತ್ತಿಗೂ ಬೀಳಬೇಕು.”

ಸಭೆಯಲ್ಲಿ ಅರಸ ಒಗಟು ಹೇಳುತ್ತಿದ್ದ. “ಗೋಡೆಯಿಲ್ಲ, ಸೂರಿಲ್ಲ, ಹಾಸಲು ಹುಲ್ಲಿನ ಎಳೆಯೂ ಇಲ್ಲ, ಆದರೂ ಬಾಣಂತಿಯ ಮನೆ. ಯಾವುದದು? ಬಾಗಿಲು ಮುಚ್ಚಿದರೆ ಇಡೀ ಮನೆಯೇ ಮಾಯವಾಗುತ್ತದೆ. ಯಾವ ಬಾಗಿಲು? ಅರಸ ಬಂದರೂ ಏಳದ ಪ್ರಜೆ ಯಾರು?”

“ಗುಹೆ, ಕನಸು, ಬೆಟ್ಟ!” ಎಂದ ದಳವಾಯಿ.

“ಗುಹೆಗೆ ಗೋಡೆಯಿಲ್ಲವೇನೋ?” ದಳವಾಯಿಯ ತಲೆ ಉರುಳಿತು.

ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿದ. “ಬಯಲು, ಇರುಳು, ಹೆಣ.”

“ಬಯಲಲ್ಲಿ ಹೆತ್ತವಳನ್ನು ತೋರಿಸು, ನೋಡೋಣ.” ರಾಜಕುಮಾರನ ಕುದುರೆ ಸವಾರನಿಲ್ಲದೆ ಊರಿಗೆ ಮರಳಿತು.

ಕೇತಿ ಮುಂದೆ ಬಂದಾಗ ಯಾರೋ ನಕ್ಕರು. “ಏನೇ ಪೊರಕೆಯವಳೇ, ಗುಡಿಸೋಕೆ ಬಂದೆಯಾ?”

“ಹೌದು. ಕಸ ಇರೋ ಕಡೆಗೇ ಬಂದೆ.”

ಅವಳು ಅರಸನನ್ನು ಬಿದಿರುಮೆಳೆಯ ಇಳಿಜಾರಿಗೆ ಕರೆದೊಯ್ದಳು. ಸಭೆಯವರೆಲ್ಲ ಹಿಂದೆಯೇ ಬಂದರು. “ಕುದುರೆ ಇಳಿ. ಮಂಡಿಯೂರು. ಈಗ ಅಲ್ಲಿ ನೋಡು.”

ಅರಸ ನೋಡಿದ. ಎಲೆ, ಬರೀ ಎಲೆ. ಬೆವರು ಮೂಗಿನ ತುದಿಗಿಳಿಯಿತು. ಆಗ ತರಗೆಲೆಗಳ ನಡುವೆ ಕಪ್ಪನೆಯ ಕಣ್ಣೊಂದು ಸೀಳಿನಷ್ಟು ತೆರೆಯಿತು.

“ಇದೆ! ಹಕ್ಕಿ ಇದೆ!”

“ಹಾಗಾದರೆ ನನ್ನಣ್ಣ?”

ಅರಸ ಒಪ್ಪಿಕೊಂಡ. “ಸುಳ್ಳು ಹೇಳಿರಲಿಲ್ಲ.”

“ಗೂಡಿಲ್ಲದೆ ಬರಿನೆಲದಲ್ಲಿ ಮೊಟ್ಟೆಯಿಟ್ಟಿದ್ದಾಳಲ್ಲ, ಅದೇ ಬಾಣಂತಿಯ ಮನೆ. ಆ ರೆಪ್ಪೆಯೇ ಬಾಗಿಲು. ಮುಚ್ಚಿದರೆ ಹಕ್ಕಿ ಹೋಗಿ ಎಲೆಯಾಗುತ್ತೆ. ನೀನು ಇಷ್ಟು ಹತ್ತಿರ ಬಂದೆ, ಎದ್ದಳಾ?”

“ನೀನೇ ಗೆದ್ದೆ. ಬೇಕಾದ್ದು ಕೇಳು.”

“ಈ ಇಳಿಜಾರು ನಮ್ಮವರಿಗೆ. ಇನ್ನೊಂದು, ನಾಳೆ ಬೆಳಿಗ್ಗೆ ನೀನೇ ಈ ಹಕ್ಕಿಯನ್ನು ನನ್ನಣ್ಣನ ತಲೆ ಕಡಿದ ನಿನ್ನ ಆಳಿಗೆ ತೋರಿಸಬೇಕು. ಎಬ್ಬಿಸಕೂಡದು. ಅವನಿಗೆ ಕಾಣದಿದ್ದರೆ ನಿನ್ನ ಕಾನೂನು ನಿನಗೂ.”

ಸಭೆಯೆಲ್ಲ ಕೇಳಿತ್ತು, ಆಡಿದ ಮಾತನ್ನು ಅರಸ ನುಂಗುವಂತಿರಲಿಲ್ಲ.

ಬೆಳಿಗ್ಗೆ ಅರಸ ಬೆರಳು ಮಾಡಿ ತೋರಿಸಿದ. “ನೋಡೋ, ಅಲ್ಲಿ, ಆ ಕಡ್ಡಿಯ ಪಕ್ಕ!”

ತಲೆ ಕಡಿಯುವವನು ಬಗ್ಗಿ ನೋಡಿದ, ಕಣ್ಣುಜ್ಜಿ ನೋಡಿದ. “ಎಲೆ ಕಾಣುತ್ತಿದೆ, ಮಹಾಸ್ವಾಮಿ.”

“ಮತ್ತೆ ನೋಡೋ!”

“ಎಲೆಯೇ, ಮಹಾಸ್ವಾಮಿ.”

ಅರಸರ ಆಜ್ಞೆಯನ್ನು ಅವನು ಎಂದೂ ಮೀರಿದವನಲ್ಲ. ಕತ್ತಿ ಎತ್ತಿದ. ಕೇತಿ ಕೆಲಸ ಮುಗಿಯುವವರೆಗೂ ರೆಪ್ಪೆ ಬಡಿಯದೆ ನಿಂತಿದ್ದಳು. ಆಮೇಲೆ ತನ್ನದೇ ಇಳಿಜಾರಿನಲ್ಲಿ ಹುಲ್ಲು ಕೊಯ್ಯತೊಡಗಿದಳು.