ಡಾಂಬರು ಹತ್ತಿದ ಕಾಲು

ಯೇಸುಸ್ವಾಮಿ ಸತ್ತು ಎದ್ದುಬಂದ ಪಾಸ್ಖ ಹಬ್ಬಕ್ಕೆ ಮೂರು ದಿನ ಮೊದಲು, ಪವಿತ್ರ ಗುರುವಾರದ ಸಂಜೆ, ಗುರು ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಅವರು ತಮ್ಮ ಶಿಷ್ಯರ ಕಾಲು ತೊಳೆದ ನೆನಪಿಗೆ. ತೊಳೆದು, ಒರೆಸಿ, ಬಗ್ಗಿ ಪಾದಕ್ಕೆ ಮುತ್ತಿಡುತ್ತಾರೆ.

ನದಿ ದಡದ ಆ ಪುಟ್ಟ ಆಶ್ರಮದಲ್ಲಿ ತೊಳೆಯುವ ಕೆಲಸ ಇನ್ನಾಸಪ್ಪ ಸ್ವಾಮಿಗಳದು. ಏರ್ಪಾಡು ಅವರ ಶಿಷ್ಯ, ಊರವರು ಬ್ರದರ್ ಅನ್ನುವ ಅರುಳಪ್ಪನದು.

ಹಿಂದಿನ ವರ್ಷ ನಾಲ್ಕನೆಯ ಕಾಲಿಗೇ ನೀರು ಕೆಸರಾಗಿತ್ತು. ಏಳನೆಯ ಕಾಲಿಗೆ ಟವೆಲು ಕಪ್ಪಾಗಿತ್ತು. ಎಪ್ಪತ್ತು ದಾಟಿದ ಗುರು ಆ ಕಾಲುಗಳಿಗೆ ತುಟಿ ಒತ್ತುವುದನ್ನು ಅರುಳಪ್ಪನಿಂದ ನೋಡಲಾಗಿರಲಿಲ್ಲ.

ಈ ವರ್ಷ ಅವನು ಮೊದಲೇ ಯೋಚಿಸಿಟ್ಟಿದ್ದ.

ನಾಲ್ಕೂವರೆಗೆ ಹನ್ನೆರಡು ಜನರನ್ನೂ ಬಾವಿಕಟ್ಟೆಗೆ ಬರಹೇಳಿದ. ಸಾಬೂನು ಕೊಟ್ಟ. ಕಾಲುಜ್ಜುವ ಕಲ್ಲು ಕೊಟ್ಟ. ಉಗುರಿಗೆ ಬ್ಲೇಡು ಕೊಟ್ಟ. ಒಬ್ಬೊಬ್ಬರ ಹಿಮ್ಮಡಿಯನ್ನೂ ಬಗ್ಗಿ ನೋಡಿದ. ಸರಿ ಅನ್ನಿಸಿದವರನ್ನು ಚಾಪೆಯ ಮೇಲೆ ನಡೆಸಿಕೊಂಡು ಹೋಗಿ ಗುಡಿಯೊಳಗೆ ಕೂರಿಸಿದ.

ಆರಕ್ಕೆ ಹತ್ತು ನಿಮಿಷ ಇರುವಾಗ ಗುರು ಒಳಗೆ ಬಂದರು. ಬೆಂಚಿನ ಮುಂದೆ ಸಾಲಾಗಿ ಹೊಳೆಯುತ್ತಿದ್ದ ಕಾಲುಗಳನ್ನು ನೋಡಿದರು.

“ಏನ್ರಪ್ಪಾ, ಯಾರ ಮದುವೆ?”

ತುದಿಯಲ್ಲಿ ಕೂತಿದ್ದ ರಾಯಪ್ಪ ಊರಿನ ಹಿರಿಯ. ಅವನು ಕಾಲೆತ್ತಿ ತೋರಿಸಿದ.

“ನಿಮ್ಮ ಬ್ರದರನ್ನೇ ಕೇಳಿ ಸ್ವಾಮಿ. ಚರ್ಮ ಒಂದನ್ನ ಬಿಟ್ಟಿದ್ದಾರೆ. ಅದೂ ನಾನು ಕೈ ಮುಗಿದಿದ್ದಕ್ಕೆ.”

ಸಾಲಿನಲ್ಲಿ ನಗು ಎದ್ದಿತು. ಗುರು ನಗಲಿಲ್ಲ.

“ಅರುಳಪ್ಪಾ.”

“ಸ್ವಾಮಿ.”

“ಇವರ ಕಾಲು ಯಾರು ತೊಳೆದದ್ದು?”

“ಅವರವರೇ ತೊಳೆದುಕೊಂಡರು ಸ್ವಾಮಿ. ನಾನು ಪರೀಕ್ಷೆ ಮಾಡಿದೆ.”

“ಹಾಗಾದರೆ ನಾನು ಯಾಕೆ ಬಂದೆ?”

“ತೊಳೆಯುವುದಕ್ಕೆ.”

ಗುರು ಹಣೆ ಒತ್ತಿಕೊಂಡರು.

“ಹೋದ ತಿಂಗಳು ಪಾಪನಿವೇದನೆಗೆ ಬಂದವರ ಕೈಗೆ ನೀನು ಚೀಟಿ ಕೊಟ್ಟೆ. ಪಾಪಗಳನ್ನು ಕ್ರಮವಾಗಿ ಬರೆದುಕೊಂಡು ಬನ್ನಿ ಅಂದೆ.”

“ಸಮಯ ಉಳಿಯಿತು ಸ್ವಾಮಿ.”

“ಜನರೂ ಉಳಿದರು. ಅವರವರ ಮನೆಯಲ್ಲಿ.”

ಅರುಳಪ್ಪ ನೆಲ ನೋಡಿದ.

ಗುರು ಬೆಂಚಿನ ಮೇಲೆ ಕಣ್ಣು ಹಾಯಿಸಿದರು. ಹನ್ನೊಂದು ಜನ. ಒಂದು ಜಾಗ ಖಾಲಿ.

“ಚೌರಪ್ಪ ಎಲ್ಲಿ?”

ಅರುಳಪ್ಪನ ಬಳಿ ಉತ್ತರವಿತ್ತು.

“ಬಂದಿದ್ದರು ಸ್ವಾಮಿ. ಬೆಳಗ್ಗೆ ಹರಿಗೋಲಿನ ತಳಕ್ಕೆ ಡಾಂಬರು ಬಳಿದಿದ್ದಾರೆ. ಎರಡು ಕಾಲಿಗೂ ಮೆತ್ತಿಕೊಂಡಿತ್ತು. ಸಾಬೂನಿಗೆ ಡಾಂಬರು ಬಿಡುವುದಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿಕೊಂಡು ಬನ್ನಿ ಅಂದೆ. ಕಲೆ ಹೋಗದಿದ್ದರೆ ಮುಂದಿನ ವರ್ಷ ನೋಡೋಣ ಅಂದೆ.”

ಬೆಂಚಿನಲ್ಲಿ ಯಾರೂ ನಗಲಿಲ್ಲ.

ಚೌರಪ್ಪ ಜನರನ್ನು ನದಿ ದಾಟಿಸುವವನು. ಏಳು ವರ್ಷದ ಹಿಂದೆ ಅವನ ಹೆಂಡತಿ ಮದಲೇನಮ್ಮ ತೀರಿಕೊಂಡಳು. ಸತ್ತವರು ಎದ್ದು ಬರುವ ದಿನವೊಂದಿದೆ ಎಂದು ಗುರು ಸಮಾಧಿಯ ಮುಂದೆ ಪ್ರಾರ್ಥಿಸುತ್ತಿದ್ದರು. ಚೌರಪ್ಪ ಎಲ್ಲರೆದುರು, “ಯಾವತ್ತು? ತಾರೀಕು ಹೇಳಿ,” ಎಂದು ಕೇಳಿದ. ಮಣ್ಣು ಹಾಕದೆ ಹೊರಟುಹೋದ. ಅಂದಿನಿಂದ ಗುಡಿಯ ಮೆಟ್ಟಿಲು ಹತ್ತಿರಲಿಲ್ಲ.

ಗುರು ವಾರಕ್ಕೊಮ್ಮೆ ಅವನ ಹರಿಗೋಲಿನಲ್ಲೇ ಆಚೆ ದಡಕ್ಕೆ ಹೋಗುತ್ತಿದ್ದರು. ಏಳು ವರ್ಷ ಆ ಮಾತು ಎತ್ತಲಿಲ್ಲ. ಹೋದ ಸೋಮವಾರ ಹುಟ್ಟು ಹಾಕುತ್ತ ಅವನೇ ಕೇಳಿದ್ದ.

“ಆ ಹನ್ನೆರಡರಲ್ಲಿ ಒಂದು ಜಾಗ ಸಿಗುತ್ತಾ ಸ್ವಾಮಿ? ಒಂದು ಸಲ ಕೂತು ನೋಡ್ತೀನಿ.”

ಇದು ಊರಿಗೆಲ್ಲ ಗೊತ್ತಿತ್ತು. ಅರುಳಪ್ಪನಿಗೂ ಗೊತ್ತಿತ್ತು. ಅದಕ್ಕೇ ಚೌರಪ್ಪನ ಕಾಲು ಉಳಿದವರ ಕಾಲಿಗಿಂತ ಚೆನ್ನಾಗಿರಲಿ ಎಂದು ಅವನು ಬಯಸಿದ್ದ.

“ನೀನು ಹಾಗೆ ಹೇಳಿದಾಗ ಅವನು ಏನಂದ?”

“ಏನೂ ಅನ್ನಲಿಲ್ಲ ಸ್ವಾಮಿ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋದರು.”

“ಹೋಗಿ ಕರೆದುಕೊಂಡು ಬಾ.”

“ಆರು ಗಂಟೆಗೆ ಪೂಜೆ...”

“ಗಡಿಯಾರವನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಹೋಗು.”

ಅರುಳಪ್ಪ ಓಡಿದ.

ಗುರು ಬೆಂಚಿನ ಕಡೆ ತಿರುಗಿದರು. “ನೀವೂ ಏಳಿ.”

“ನಾವ್ಯಾಕೆ ಸ್ವಾಮಿ?”

“ಕೊಟ್ಟಿಗೆಯ ತನಕ ಬರಿಗಾಲಲ್ಲಿ ನಡೆದು ಬನ್ನಿ. ಚಾಪೆಯ ಮೇಲಲ್ಲ. ಮಣ್ಣಿನಲ್ಲಿ.”

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆಗಲಿ,” ಎಂದ ರಾಯಪ್ಪ ಏಳುತ್ತ. “ಉಗುರು ಕತ್ತರಿಸಿದ್ದಕ್ಕೆ ಏನು ಮಾಡೋಣ ಸ್ವಾಮಿ?”

“ಅದಕ್ಕೆ ಅರುಳಪ್ಪನನ್ನು ಕೇಳು.”

ಚೌರಪ್ಪ ನದಿ ದಡದ ಬಂಡೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಸೀಮೆಎಣ್ಣೆ ಬಾಟಲಿ, ಗೋಣಿಚೀಲದ ತುಂಡು. ತಿಕ್ಕಿ ತಿಕ್ಕಿ ಎರಡು ಕಾಲೂ ಕೆಂಪಾಗಿದ್ದವು. ಬಿರುಕುಗಳಲ್ಲಿ ಕಪ್ಪು ಗೆರೆ ಹಾಗೇ ಇತ್ತು.

“ಚೌರಪ್ಪಣ್ಣ.”

“ನೋಡು ಬ್ರದರ್. ಒಂದು ಗಂಟೆಯಿಂದ ತಿಕ್ತಿದ್ದೀನಿ. ಮೇಲಿಂದು ಹೋಯ್ತು. ಒಳಗೆ ಇಳಿದಿದ್ದು ಬರ್ತಿಲ್ಲ.”

“ಪರವಾಗಿಲ್ಲ. ಹಾಗೇ ಬನ್ನಿ.”

ಚೌರಪ್ಪ ತಲೆ ಎತ್ತಿದ.

“ಹಾಗೇ ಬರಬಹುದಾ?”

“ಬರಬಹುದು.”

“ಐದು ಗಂಟೆಗೆ ಬರೋ ಹಾಗಿರಲಿಲ್ಲ. ಆರು ಗಂಟೆಗೆ ಬರಬಹುದು. ಒಂದು ಗಂಟೆಯಲ್ಲಿ ಕಾನೂನು ಬದಲಾಯ್ತಾ?”

“ತಪ್ಪು ನನ್ನದು.”

“ನಿನ್ನದೇ.” ಚೌರಪ್ಪ ಬಾಟಲಿಗೆ ಮುಚ್ಚಳ ತಿರುಗಿಸಿದ. “ಆದ್ರೆ ಇಲ್ಲಿ ಕೂತ್ಕೊಂಡು ಯೋಚನೆ ಮಾಡಿದೆ. ಬಾವಿಕಟ್ಟೆಯಲ್ಲಿ ಅವರ ಕಾಲು ನೋಡಿದ್ದೆ. ಬೆಳ್ಳಗೆ, ಮಗು ಕಾಲಿನ ಹಾಗೆ. ಆ ಸಾಲಿಗೆ ನನ್ನ ಕಾಲು ಸೇರಲ್ಲ. ಏಳು ವರ್ಷ ದೂರ ಇದ್ದವನು ಈಗ ಹೋಗಿ ಕೂತ್ರೆ ನಾಟಕ ಅನ್ನಿಸುತ್ತೆ.”

“ಗುರುಗಳು ಕಾಯುತ್ತಿದ್ದಾರೆ.”

“ಅವರಿಗೆ ಹೇಳು. ಒಂದು ಸಲ ಕೇಳಿದೆ. ಇನ್ನೊಂದು ಸಲ ಕೇಳಲ್ಲ.”

ಚೌರಪ್ಪ ಎದ್ದು ಹರಿಗೋಲನ್ನು ನೀರಿಗೆ ಎಳೆಯತೊಡಗಿದ. ಅಂಚಿನವರೆಗೂ ಬಳಿದ ಡಾಂಬರು ಇನ್ನೂ ಗಟ್ಟಿಯಾಗಿರಲಿಲ್ಲ. ನೀರಿಗೆ ಇಳಿಸಬಾರದೆಂದು ಅವನಿಗೆ ಗೊತ್ತಿತ್ತು. ಆದರೂ ಎಳೆದ.

ಗುಡಿಯಲ್ಲಿ ಜನ ಸೇರಿ ಆಗಿತ್ತು. ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಯಾರದೋ ಮಗು ಅಳುತ್ತಿತ್ತು.

“ಸ್ವಾಮಿ,” ಎಂದ ರಾಯಪ್ಪ, “ನನ್ನ ಭಾಮೈದ ಹೊರಗೇ ನಿಂತಿದ್ದಾನೆ. ಅವನನ್ನ ಕೂರಿಸಿ, ಶುರು ಮಾಡಿಬಿಡಿ.”

“ನಿನ್ನ ಭಾಮೈದ ಹಿಂದಿನ ಬೆಂಚಿನಲ್ಲಿ ಕೂರಲಿ.”

“ಹನ್ನೆರಡು ಲೆಕ್ಕ ಆಗಬೇಕಲ್ಲ ಸ್ವಾಮಿ.”

“ಲೆಕ್ಕ ಮಾಡುವವನು ಈ ಆಶ್ರಮಕ್ಕೆ ಒಬ್ಬನೇ ಸಾಕು, ರಾಯಪ್ಪ. ಇನ್ನೊಬ್ಬನನ್ನು ಸಾಕಲು ನನ್ನ ಕೈಲಾಗುವುದಿಲ್ಲ.”

ಅಷ್ಟರಲ್ಲಿ ಆ ಒಬ್ಬ, ಅರುಳಪ್ಪ, ಬಾಗಿಲಿಗೆ ಬಂದ. ಒಬ್ಬನೇ ಬಂದ.

ಬೆಂಚಿನ ಕೆಳಗೆ ಧೂಳು ಮೆತ್ತಿದ ಹನ್ನೊಂದು ಜೊತೆ ಕಾಲುಗಳನ್ನು ಕಂಡು ಅವನ ಬಾಯಿ ತೆರೆಯಿತು.

“ಬರಲಿಲ್ಲವೇ?”

“ಇಲ್ಲ ಸ್ವಾಮಿ. ಆಚೆ ದಡಕ್ಕೆ ಹೊರಟರು. ಇನ್ನೊಂದು ಸಲ ಕೇಳುವುದಿಲ್ಲವಂತೆ.”

ಗುರು ಬೆಂಚಿನ ಖಾಲಿ ಜಾಗದ ಕಡೆ ನೋಡಿದರು.

“ನಾನು ಈ ಕೆಲಸಕ್ಕೆ ತಕ್ಕವನಲ್ಲ ಸ್ವಾಮಿ. ನಾಳೆ ಬೆಳಗ್ಗೆ ಊರಿಗೆ ಹೋಗುತ್ತೇನೆ. ಮೊದಲು ನನ್ನನ್ನು ನಾನು ಸರಿಮಾಡಿಕೊಳ್ಳುತ್ತೇನೆ. ಆಮೇಲೆ ಬರುತ್ತೇನೆ.”

“ಅಯ್ಯೋ ದೇವರೇ,” ಎಂದರು ಗುರು. ಅದು ಪ್ರಾರ್ಥನೆಯ ಹಾಗೆ ಕೇಳಿಸಲಿಲ್ಲ. “ಬಾವಿಕಟ್ಟೆಯಲ್ಲಿ ಊರವರನ್ನೆಲ್ಲ ತಿಕ್ಕಿದ್ದು ಸಾಲದೆಂದು ಈಗ ನಿನ್ನನ್ನು ತಿಕ್ಕಿಕೊಳ್ಳಲು ಹೊರಟೆಯಾ?”

ಗುರು ಅವನ ಹತ್ತಿರ ಬಂದರು.

“ಸರಿಯಾಗಲು ಎಷ್ಟು ದಿನ ಬೇಕು ನಿನಗೆ?”

“ಗೊತ್ತಿಲ್ಲ ಸ್ವಾಮಿ.”

“ನಾನು ಈ ಬಟ್ಟೆ ಹಾಕಿ ನಲವತ್ತಾರು ವರ್ಷವಾಯಿತು. ಇನ್ನೂ ಸರಿಯಾಗಿಲ್ಲ. ಇವತ್ತು ಸಂಜೆಯೊಳಗೆ ಆಗುವ ಲಕ್ಷಣವೂ ಕಾಣುತ್ತಿಲ್ಲ. ಹೋಗು. ಅವನನ್ನು ಕರೆದುಕೊಂಡು ಬಾ.”

“ಏನು ಹೇಳಿ ಕರೆಯಲಿ?”

“ನೀನು ಹೇಳಿದ್ದೆಲ್ಲ ಸಾಕು. ಹೋಗು!”

ಹರಿಗೋಲು ಆಗಲೇ ದಡ ಬಿಟ್ಟಿತ್ತು. ಚೌರಪ್ಪ ಈ ಕಡೆಗೆ ಬೆನ್ನು ಮಾಡಿ ಹುಟ್ಟು ಹಾಕುತ್ತಿದ್ದ.

“ಚೌರಪ್ಪಣ್ಣಾ!”

ಅವನು ತಿರುಗಲಿಲ್ಲ.

ಅರುಳಪ್ಪ ಚಪ್ಪಲಿ ಬಿಟ್ಟ. ನೀರಿಗೆ ಇಳಿದ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು.

ಸದ್ದು ಕೇಳಿ ಚೌರಪ್ಪ ಹೊರಳಿ ನೋಡಿದ.

“ಲೋ! ಎಲ್ಲಿಗೆ ಬರ್ತಿದ್ದೀಯ?”

“ನಿಮ್ಮ ಹತ್ತಿರ.”

“ಈಜು ಬರುತ್ತಾ?”

“ಇಲ್ಲ.”

“ಅಲ್ಲೇ ನಿಲ್ಲೋ! ಮುಂದೆ ಮಡು ಇದೆ!”

ಅರುಳಪ್ಪ ಆ ಹೊತ್ತಿಗೆ ಇನ್ನೊಂದು ಹೆಜ್ಜೆ ಇಟ್ಟಿದ್ದ. ಕಾಲ ಕೆಳಗೆ ಏನೂ ಇರಲಿಲ್ಲ.

ಅವನು ಎರಡು ಸಲ ಮುಳುಗಿದ. ಮೂರನೆಯ ಸಲ ಒಂದು ಕೈ ಅವನ ಕೂದಲು ಹಿಡಿಯಿತು. ಇನ್ನೊಂದು ಕೈ ಅಂಗಿಯ ಕಾಲರು ಹಿಡಿದು, ಹರಿಗೋಲಿನ ಅಂಚಿನ ಮೇಲಿಂದ ಒಳಕ್ಕೆ ಎಳೆದು ಹಾಕಿತು.

ಅರುಳಪ್ಪ ಕೆಮ್ಮಿದ. ಕುಡಿದ ನೀರನ್ನೆಲ್ಲ ಕಕ್ಕಿದ.

“ಏನು ಮಾಡೋಣ ಅಂತ ನೀರಿಗೆ ಇಳಿದೆ?” ಚೌರಪ್ಪ ಅವನ ಬೆನ್ನಿಗೆ ಗುದ್ದಿದ. “ಹೇಳು, ಏನಂತ ಯೋಚನೆ ಮಾಡಿದ್ದೆ?”

“ಯೋಚನೆ ಮಾಡಿರಲಿಲ್ಲ.”

“ಬೆಳಗ್ಗೆಯಿಂದ ಎಲ್ಲದಕ್ಕೂ ಯೋಚನೆ ಮಾಡಿದವನು ಇದಕ್ಕೊಂದಕ್ಕೆ ಮಾಡಲಿಲ್ವಾ? ಥೂ ನಿನ್ನ!”

ಚೌರಪ್ಪ ಹರಿಗೋಲನ್ನು ತಿರುಗಿಸಿದ. ದಡ ಮುಟ್ಟುವವರೆಗೂ ಬಯ್ಯುತ್ತಲೇ ಇದ್ದ. ದಡದಲ್ಲಿ ಅವನ ರಟ್ಟೆ ಹಿಡಿದು, ಮೆಟ್ಟಿಲು ಹತ್ತಿಸಿ, ಗುಡಿಯೊಳಗೆ ತಂದು ಗುರುಗಳ ಎದುರು ನಿಲ್ಲಿಸಿದ.

“ತಗೊಳ್ಳಿ ಸ್ವಾಮಿ ನಿಮ್ಮ ಶಿಷ್ಯನ್ನ. ಕಟ್ಟಿ ಹಾಕಿ. ಇನ್ನೊಂದು ಸಲ ಬಿಟ್ಟರೆ ಸಾಯ್ತಾನೆ.”

ಅರುಳಪ್ಪನ ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಕಪ್ಪಾಗಿತ್ತು. ಗಲ್ಲಕ್ಕೂ ಡಾಂಬರು ಹತ್ತಿತ್ತು. ನೀರು ತೊಟ್ಟಿಕ್ಕುತ್ತಿತ್ತು.

“ಬ್ರದರ್,” ಎಂದ ರಾಯಪ್ಪ, “ಸಾಬೂನು ಕೊಡಲಾ?”

ಗುಡಿಯೆಲ್ಲ ನಕ್ಕಿತು. ಅಳುತ್ತಿದ್ದ ಮಗು ಸುಮ್ಮನಾಯಿತು.

ಗುರು ಚೌರಪ್ಪನನ್ನು ನೋಡಿದರು. “ಕೂತ್ಕೊ.”

“ನಾನು ಇವನನ್ನ ಬಿಟ್ಟು ಹೋಗೋಕೆ ಬಂದೆ ಸ್ವಾಮಿ.”

“ಸರಿ. ಬಂದಾಯಿತಲ್ಲ.”

ಚೌರಪ್ಪ ಸುತ್ತ ನೋಡಿದ. ಬೆಂಚಿನ ಕೆಳಗಿನ ಕಾಲುಗಳನ್ನು ನೋಡಿದ. ಧೂಳು, ಸಗಣಿ, ಯಾರದೋ ಬೆರಳ ಸಂದಿಯಲ್ಲಿ ಹುಲ್ಲು. ರಾಯಪ್ಪ ಸ್ವಲ್ಪ ಸರಿದು ಕೂತ.

ಚೌರಪ್ಪ ಕೂತ.

ಗುರು ಮೊದಲು ಹನ್ನೊಂದು ಜನರ ಕಾಲು ತೊಳೆದರು. ನಾಲ್ಕನೆಯ ಕಾಲಿಗೆ ನೀರು ಕೆಸರಾಯಿತು. ಏಳನೆಯದಕ್ಕೆ ಟವೆಲು ಕಪ್ಪಾಯಿತು. ಅರುಳಪ್ಪ ತಂಬಿಗೆ ಹಿಡಿದು ಪಕ್ಕದಲ್ಲಿದ್ದ.

ಹನ್ನೆರಡನೆಯ ಕಾಲಿನ ಮುಂದೆ ಗುರು ಮಂಡಿಯೂರಿದರು. ಅರುಳಪ್ಪ ನೀರು ಹೊಯ್ದ. ಗುರು ಹೆಬ್ಬೆರಳಿನಿಂದ ಬಿರುಕುಗಳ ಮೇಲೆ ಮೆಲ್ಲಗೆ ಉಜ್ಜಿದರು.

“ಹೋಗಲ್ಲ ಸ್ವಾಮಿ ಅದು,” ಎಂದ ಚೌರಪ್ಪ.

“ಹೋಗಲಿ ಅಂತ ಯಾರು ತೊಳೆಯುತ್ತಿದ್ದಾರೆ?”

ಒರೆಸಿದರು. ಬಗ್ಗಿ ಮುತ್ತಿಟ್ಟರು. ತಲೆ ಎತ್ತಿದಾಗ ಅವರ ತುಟಿಯ ಮೇಲೆ ಕಪ್ಪು ಗೆರೆಯೊಂದಿತ್ತು. ಅರುಳಪ್ಪನ ಕೈ ಟವೆಲಿನ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು.

ಚೌರಪ್ಪ ಬಗ್ಗಿ, ಗುರುಗಳಿಗೆ ಮತ್ತು ತಂಬಿಗೆ ಹಿಡಿದವನಿಗೆ ಮಾತ್ರ ಕೇಳಿಸುವಂತೆ ಹೇಳಿದ.

“ಸ್ವಾಮಿ, ಸುಳ್ಳು ಹೇಳಬಾರದು. ಮದಲೇನ ಎದ್ದು ಬರ್ತಾಳೆ ಅಂತ ನನಗೆ ಈಗಲೂ ನಂಬಿಕೆ ಇಲ್ಲ. ನಂಬಿಕೆ ಇಲ್ಲದವನು ಇಲ್ಲಿ ಕೂರಬಹುದಾ?”

ಗುರು ಅವನ ಪಾದವನ್ನು ಕೈಯಲ್ಲಿ ಹಿಡಿದೇ ಇದ್ದರು.

“ಒಂದು ಗಂಟೆಯ ಹಿಂದೆ ನೀನು ಬರುತ್ತೀಯ ಅಂತ ನನಗೂ ನಂಬಿಕೆ ಇರಲಿಲ್ಲ, ಚೌರಪ್ಪ. ಆದರೂ ಈ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ.”