ಸಂಪಿಗೆ ಕೊಟ್ಟ ದುಗ್ಗಮ್ಮನ ತಮ್ಮ

"ಹೊಂಗರಕಟ್ಟೆಯ ಪ್ರಜೆಗಳೆಲ್ಲ ಕೇಳಿ. ಮಾಸಣಿ ಸೆಟ್ಟರ ಮೂರು ಒಗಟುಗಳನ್ನು ಬಿಡಿಸಿದವರಿಗೆ ನಮ್ಮ ರಾಜ ಚಂಡರಸರು ಹೊಳೆಯ ರೇವಿನ ಅಧಿಕಾರ ಕೊಡುತ್ತಾರೆ. ಒಂದೇ ಒಂದು ತಪ್ಪಿದರೂ ತಲೆದಂಡ."

ಡಂಗುರದವನು ಹೀಗೆ ಸಾರುತ್ತ ಬೀದಿ ಬೀದಿ ಸುತ್ತಿದ. ಕೇಳಿದವರು ಬಾಗಿಲು ಹಾಕಿಕೊಂಡರು.

ಮಾಸಣಿ ಸೆಟ್ಟಿ ಮೇಲ್ಸೀಮೆಯ ದೊಡ್ಡ ವ್ಯಾಪಾರಿ. ವರ್ಷವರ್ಷವೂ ಅವನ ದೋಣಿಗಳು ಬಟ್ಟೆ ತಂದಿಳಿಸಿ, ಊರಿನ ಬೆಲ್ಲ, ಎಣ್ಣೆ ತುಂಬಿಕೊಂಡು ಹೋಗುತ್ತಿದ್ದವು. ಊರು ಉಣ್ಣುತ್ತಿದ್ದದ್ದೇ ಆ ವ್ಯಾಪಾರದಿಂದ. ಈ ಸಲ ಬಂದವನು ಒಂದು ಮೂಟೆಯನ್ನೂ ಇಳಿಸದೆ, ಇನ್ನು ಬರುವುದಿಲ್ಲ ಎಂದುಬಿಟ್ಟ. ರಾಜ ಚಿನ್ನದ ಸರ ತರಿಸಿದ, ಕುದುರೆ ಕಟ್ಟಿಸಿದ. ಸೆಟ್ಟಿ ಅವುಗಳತ್ತ ತಿರುಗಿಯೂ ನೋಡಲಿಲ್ಲ.

"ಇವೆಲ್ಲ ನನ್ನ ಮನೆಯಲ್ಲೂ ಇವೆ, ಒಡೆಯರೇ. ಮೂರು ಒಗಟು ಕೇಳುತ್ತೇನೆ. ನಿಮ್ಮ ಊರಿನವರು ಯಾರಾದರೂ ಬಿಡಿಸಿದರೆ ದೋಣಿಗಳು ಮತ್ತೆ ಬರುತ್ತವೆ."

ತಲೆದಂಡದ ಮಾತು ಸೇರಿಸಿದವನು ರಾಜ. ಸೆಟ್ಟಿ ಬೇಡವೆಂದ. "ಅತಿಥಿಯ ಮುಂದೆ ನನ್ನ ಮಾನ ಕಳೆಯುವವನಿಗೆ ತಲೆ ಯಾಕೆ?" ಎಂದ ರಾಜ.

ಮೊದಲು ಬಂದವನು ದಂಡನಾಯಕನ ಮಗ ಕೇತರಸ.

"ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲುಗುವುದಿಲ್ಲ. ಆದರೆ ಅದನ್ನು ಹೊತ್ತು ಬಂದವರು ಕಣ್ಣು ಮುಚ್ಚಿದ್ದವನಿಗೂ ಗೊತ್ತಾಗುತ್ತಾರೆ. ಏನದು?" ಎಂದು ಸೆಟ್ಟಿ ಕೇಳಿದ.

"ಕೀರ್ತಿ" ಎಂದ ಕೇತರಸ ಎದೆಯುಬ್ಬಿಸಿ.

ಸೆಟ್ಟಿ ಅಲ್ಲವೆಂದು ತಲೆಯಾಡಿಸಿದ. ಕೇತರಸನನ್ನು ಸೆರೆಮನೆಗೆ ಎಳೆದುಕೊಂಡು ಹೋದರು. ಅಮಾವಾಸ್ಯೆಗೆ ಅವನ ತಲೆ ತೆಗೆಯುವುದೆಂದು ನಿಶ್ಚಯವಾಯಿತು.

ಆಮೇಲೆ ಸುಂಕದ ನಾಗಪಯ್ಯ ಬಂದ. ಮೊದಲನೆಯದು ಅವನಿಗೂ ಹೊಳೆದಿರಲಿಲ್ಲ, ಎರಡನೆಯದನ್ನೇ ಮೊದಲು ಕೇಳಿ ಎಂದ.

"ಯಾವುದು ಕೆಟ್ಟುಹೋಗುವುದರಿಂದಲೇ ನಂಟು ಕೆಡದೆ ಉಳಿಯುತ್ತದೆ?"

ನಾಗಪಯ್ಯ ಬಹಳ ಹೊತ್ತು ಯೋಚಿಸಿದ. "ಸಿಟ್ಟು" ಎಂದ.

"ಒಳ್ಳೆಯ ಮಾತು. ಆದರೆ ನನ್ನ ಉತ್ತರ ಅದಲ್ಲ" ಎಂದು ಸೆಟ್ಟಿ ಮರುಕದಿಂದ ಹೇಳಿದ. ನಾಗಪಯ್ಯನೂ ಸೆರೆಮನೆ ಸೇರಿದ. ಮತ್ತೆ ಯಾರೂ ಬರಲಿಲ್ಲ.

ಸೆಟ್ಟಿ ಹೊರಡಲು ಎದ್ದಾಗ ಅಂಬಿಗರ ಹುಡುಗ ಬೊಮ್ಮ ಕಾವಲಿನವರನ್ನು ತಳ್ಳಿಕೊಂಡು ಒಳಗೆ ಬಂದ. ಮಂಡಿಯವರೆಗೆ ಹೊಳೆಯ ಕೆಸರು ಅಂಟಿತ್ತು.

"ಯಾರು ನೀನು?" ಎಂದ ರಾಜ.

"ದುಗ್ಗಮ್ಮನ ತಮ್ಮ."

ಆ ಹೆಸರು ಕೇಳಿದ್ದೇ ರಾಜನ ಮುಖ ಬಿಗಿಯಿತು. ದುಗ್ಗಮ್ಮ ರೇವಿಗೆ ಬಂದ ವ್ಯಾಪಾರಿಗಳಿಗೆಲ್ಲ ತನ್ನ ಹಿತ್ತಲಿನ ಸಂಪಿಗೆ ಕೊಟ್ಟು, ಆಯಾಸ ವಿಚಾರಿಸಿ ಕಳಿಸುತ್ತಿದ್ದಳು. ಕಳೆದ ಸಲ ಸೆಟ್ಟಿ ರಾಜ ಕೊಟ್ಟಿದ್ದ ಸರವನ್ನು ಪೆಟ್ಟಿಗೆಗೆ ಹಾಕಿ, ಅವಳ ಸಂಪಿಗೆಯನ್ನು ಪೇಟಕ್ಕೆ ಸಿಕ್ಕಿಸಿಕೊಂಡು ಸಭೆಗೆ ಬಂದಿದ್ದ. ಸೆಟ್ಟಿಯ ದೋಣಿ ಬಿಟ್ಟ ಮೇಲೆ, ಬಾಡುವ ವಸ್ತು ಕೊಟ್ಟು ಅರಮನೆಯ ಮರ್ಯಾದೆ ತೆಗೆದಳೆಂದು ರಾಜ ಅವಳನ್ನು ಸೆರೆಗೆ ಹಾಕಿಸಿದ್ದ.

"ತಲೆದಂಡ ಅಂತ ಗೊತ್ತಿದೆಯೋ?"

"ಗೊತ್ತಿದ್ದೇ ಬಂದೆ. ಸೆಟ್ಟರೇ, ಒಗಟು ಊರಿಗೆಲ್ಲ ಗೊತ್ತಾಗಿದೆ. ಮೊದಲನೆಯದು ಹೂವಿನ ಕಂಪು. ಎರಡನೆಯದು ಹೂವು."

ಸೆಟ್ಟಿ ಮತ್ತೆ ಕೂತ. "ಎರಡೂ ಸರಿ. ಇನ್ನೊಂದನ್ನು ಯಾರೂ ಕೇಳಿಲ್ಲ. ಈ ಊರಿನಲ್ಲಿ ಒಂದು ಬಾಗಿಲಿದೆ. ಅದರ ಒಳಗಿರುವವರು ನನ್ನನ್ನು ಇಲ್ಲಿಗೆ ಕರೆಸಿಕೊಂಡರು, ಹೊರಗಿರುವವರು ಓಡಿಸಿದರು. ಯಾವ ಬಾಗಿಲು?"

ಬೊಮ್ಮ ರಾಜನನ್ನೇ ನೋಡಿದ. "ಸೆರೆಮನೆಯ ಬಾಗಿಲು. ಒಳಗೆ ನಮ್ಮಕ್ಕ ಇದ್ದಾಳೆ, ಹೊರಗೆ ನೀವಿದ್ದೀರಿ."

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. "ಕೋಟೆಯ ಬಾಗಿಲು ಅನ್ನು. ತಪ್ಪಾದರೂ ತಲೆ ಉಳಿಸುತ್ತೇನೆ."

ಬೊಮ್ಮ ಒಂದು ಹೆಜ್ಜೆ ಮುಂದೆ ಬಂದ. "ಕೋಟೆಯ ಬಾಗಿಲಿನ ಒಳಗೆ ನೀವೂ ಇದ್ದೀರಿ, ಒಡೆಯರೇ. ಸುಳ್ಳು ಹೇಗೆ ಹೇಳಲಿ? ತಲೆ ಬೇಕಾದರೆ ತೆಗೆಸಿ, ಉತ್ತರ ಬದಲಾಗುವುದಿಲ್ಲ."

"ಉತ್ತರ ಸರಿಯಾಗಿದೆ" ಎಂದು ಸೆಟ್ಟಿ ಎದ್ದು ಬಂದು ಇಬ್ಬರ ನಡುವೆ ನಿಂತ. "ನಾನು ದಣಿದು ದೋಣಿಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರೂ, ದುಗ್ಗಮ್ಮ ಬಂದದ್ದು ಸಂಪಿಗೆಯ ಕಂಪಿನಿಂದ ತಿಳಿಯುತ್ತಿತ್ತು. ನಿಮ್ಮ ಸರ ಪೆಟ್ಟಿಗೆಯಲ್ಲಿ ಹಾಗೇ ಇರುತ್ತದೆ. ಕೊಟ್ಟವರಿಗೆ ಮತ್ತೆ ನನ್ನ ಮುಖ ನೋಡುವ ಅಗತ್ಯವಿಲ್ಲ. ಹೂ ಸಂಜೆಗೆ ಬಾಡುತ್ತದೆ, ಕೊಟ್ಟವಳು ಬೆಳಿಗ್ಗೆ ಮತ್ತೆ ಬಂದು ಚೆನ್ನಾಗಿದ್ದೀರಾ ಅನ್ನುತ್ತಾಳೆ. ನಾನು ಬೆಲ್ಲ ಕೊಳ್ಳುತ್ತಿದ್ದದ್ದು ಅಂಥವರ ಊರಿನಿಂದ. ಅವಳು ಸೆರೆಯಲ್ಲಿದ್ದಾಳೆಂದು ಈ ಸಲ ರೇವಿನಲ್ಲಿ ತಿಳಿಯಿತು. ಹೊರಗಿನವನು ನಾನು ಹೇಳಿದರೆ ಅವಮಾನವೆನ್ನುತ್ತಿದ್ದಿರಿ. ನಿಮ್ಮವನೇ ಹೇಳಿದ್ದಾನೆ."

ರಾಜ ಕತ್ತಿಯಿಂದ ಕೈ ತೆಗೆದ. "ನಿನ್ನ ಅಕ್ಕನನ್ನು ಬಿಡಿಸುತ್ತೇನೆ."

"ಕೇತರಸರನ್ನು, ನಾಗಪಯ್ಯನವರನ್ನು?"

"ಅವರು ತಪ್ಪಿದ್ದಾರೆ."

"ಹಾಗಾದರೆ ನಿಮ್ಮ ರೇವು ನನಗೆ ಬೇಡ" ಎಂದು ಬೊಮ್ಮ ಬೆನ್ನು ತಿರುಗಿಸಿದ.

ರಾಜ ಸೋತ. ಮೂವರೂ ಸೆರೆಯಿಂದ ಹೊರಬಂದರು. ಬೊಮ್ಮನಿಗೆ ಸಭೆಯಲ್ಲೇ ರೇವಿನ ಅಧಿಕಾರದ ಮುದ್ರೆಯುಂಗುರ ತೊಡಿಸಿದರು. ಅವನು ಆಗಲೇ ಸೆಟ್ಟಿಯ ಮೂಟೆಗಳನ್ನು ಇಳಿಸಲು ಆಳುಗಳನ್ನು ಕಳಿಸಿದ. ದುಗ್ಗಮ್ಮ ಸೊರಗಿದ್ದಳು. ತಮ್ಮನ ತೋಳು ಹಿಡಿದು ಸಭೆಗೆ ಬಂದಳು.

"ದುಗ್ಗಮ್ಮ," ಎಂದ ರಾಜ, ಆದಷ್ಟು ಮೆತ್ತಗೆ, "ಸೆಟ್ಟರಿಗೆ ಹೂ ಕೊಟ್ಟು ಕಳಿಸು. ಅರಮನೆಯ ತೋಟದಿಂದ ತರಿಸುತ್ತೇನೆ."

"ಇಲ್ಲ, ಒಡೆಯರೇ. ನಾನು ಯಾರ ಅಪ್ಪಣೆಗೂ ಹೂ ಕೊಟ್ಟವಳಲ್ಲ. ಇವತ್ತು ನನಗೆ ಮನಸ್ಸಿಲ್ಲ."

ಸೆಟ್ಟಿ ನಗುತ್ತ ಅವಳಿಗೆ ಕೈಮುಗಿದ.

"ಸರಿ, ತಾಯಿ. ನಿನಗೆ ಮನಸ್ಸಾಗುವವರೆಗೆ ನಾನೇ ಬರುತ್ತಿರಬೇಕಾಗುತ್ತದೆ."