ಚೆಲುವಯ್ಯನ ಬಿಳಿ ಹಲ್ಲು

ಹೆಣ್ಣು ನೋಡಲು ಹೊರಟ ದಿನ ಚೆಲುವಯ್ಯನೆಂಬ ಅಳಿಲು ಕೆರೆಯ ನೀರಿನಲ್ಲಿ ತನ್ನ ಹಳದಿ ಹಲ್ಲು ಕಂಡು ಕಂಗಾಲಾದ. ನಿಂಬೆರಸಕ್ಕೆ ಇಟ್ಟಿಗೆ ಪುಡಿ ಕಲಸಿ ಉಜ್ಜತೊಡಗಿದ.

ದಿನಾ ಅವನ ಹಲ್ಲುಜ್ಜುವ ಬೇವಿನ ಕಡ್ಡಿ ಗದರಿತು: "ನಿಲ್ಲಿಸಯ್ಯಾ! ಕೊಳೆಯಿದ್ದರೆ ನಾನು ಮೆಲ್ಲಗೆ ತೆಗೆಯುತ್ತೇನೆ. ಈ ಹಳದಿ ಕೊಳೆಯಲ್ಲ, ನಿಮ್ಮ ಕುಲದ ಹಲ್ಲಿನ ಗಟ್ಟಿತನ."

"ನೀನು ಮೆಲ್ಲಗೆ ತೆಗೆಯುವಷ್ಟರಲ್ಲಿ ಹುಡುಗಿ ಬೇರೆಯವರ ಪಾಲಾಗಿರುತ್ತಾಳೆ," ಎಂದು ಚೆಲುವಯ್ಯ ಹಲ್ಲು ಬೆಳ್ಳಗಾಗುವ ತನಕ ತಿಕ್ಕಿದ.

ಹೆಣ್ಣಿನವರ ಪೊಟರೆಯಲ್ಲಿ ಎಲ್ಲರೂ ಅವನ ನಗೆಗೆ ಬೆರಗಾದರು. ಆಮೇಲೆ ಅಳಿಲುಗಳ ಪದ್ಧತಿಯಂತೆ ಹುಡುಗಿಯ ಅಜ್ಜಿ ಅವನ ಮುಂದೆ ಬಾದಾಮಿ ಕಾಯಿ ಇಟ್ಟಳು. "ಒಡೆದು ಅರ್ಧ ಹುಡುಗಿಗೆ ಕೊಡಪ್ಪ, ಅಲ್ಲಿಗೆ ಮಾತುಕತೆ ಮುಗೀತು."

ಚೆಲುವಯ್ಯ ಕಾಯಿಗೆ ಹಲ್ಲು ತಾಗಿಸಿದ್ದೇ ತಡ, ಜುಮ್ಮೆಂದು ನೋವು ನೆತ್ತಿಗೇರಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಕಚ್ಚಿದ. ಚಟ್ಟೆಂದು ಸದ್ದಾಯಿತು; ಮುರಿದದ್ದು ಕಾಯಿಯಲ್ಲ, ಹಲ್ಲಿನ ತುದಿ.

ಹುಡುಗಿ ಎದ್ದು ಬಂದು ಕಾಯಿ ಎತ್ತಿಕೊಂಡು, ತನ್ನ ಹಳದಿ ಹಲ್ಲಿನಿಂದ ಒಂದೇ ಸಲಕ್ಕೆ ಒಡೆದಳು. ತಿರುಳನ್ನು ಅವನ ಅಂಗೈಯಲ್ಲಿಟ್ಟು ಕೇಳಿದಳು: "ಇದನ್ನಾದರೂ ಅಗಿಯುತ್ತೀರೋ, ಅರೆದು ಕೊಡಲೋ?"